ಪ್ಯಾಕಿಂಗಿನ ಕೆಳಗಿನ ತಗಡು

ಗೆದ್ದ ಗಾಡಿಯ ಇಂಜಿನ್ ಬಿಚ್ಚಿಸುವುದು ಆ ಪಂದ್ಯದ ಪದ್ಧತಿ. ಕಂಪನಿಯಿಂದ ಹೊರಬಂದಾಗ ಹೇಗಿತ್ತೋ ಹಾಗೇ ಇರಬೇಕಾದ ಕಾರುಗಳು ನೆಟ್ಟಗಿನ ರಸ್ತೆಯ ಮೇಲೆ ಎರಡೆರಡಾಗಿ ಓಡುವ ಪಂದ್ಯ ಅದು. ಯಾರ ಗಾಡಿಯ ಹೊಟ್ಟೆಯಲ್ಲಿ ಏನಿದೆಯೋ ಎಂದು ಯಾರೂ ಯಾರನ್ನೂ ನಂಬುವುದಿಲ್ಲ. ಸೋತವರು ಗಂಟುಮೂಟೆ ಕಟ್ಟಿಕೊಂಡು ಮನೆಗೆ ಹೋಗಬಹುದು. ಗೆದ್ದವರು ಮಾತ್ರ ಶೆಡ್ಡಿನಲ್ಲಿ ಸಿಕ್ಕಿಬಿದ್ದ ಕಳ್ಳರ ಹಾಗೆ ನಿಲ್ಲಬೇಕು.

ಆಮೆ ಹಾಗೆ ನಿಂತಿದ್ದಳು. ಆ ಹೆಸರಿಟ್ಟವನು ಅವಳ ಗಂಡ. ಇಂಜಿನ್ ಕಟ್ಟುವುದರಲ್ಲಿ ಎತ್ತಿದ ಕೈ, ಎಲ್ಲರ ಬಾಯಲ್ಲೂ ಅವನು ಮೇಸ್ತ್ರಿ. ಅಂಥವನು ಕಟ್ಟಿದ ಗಾಡಿ ಪ್ರತಿ ಸಲವೂ ಕೊನೆಕೊನೆಗೆ ಹಿಂದೆ ಬೀಳುತ್ತಿತ್ತು ಎಂದರೆ ತಪ್ಪು ಗಾಡಿಯದಂತೂ ಇರಲಾರದು. "ನಿನ್ನ ಕಾಲಿಗೆ ಭಯ ಕಣೇ, ಕೊನೇಲಿ ಆಕ್ಸಿಲರೇಟರ್ ಬಿಟ್ಬಿಡ್ತೀಯ" ಎಂದು ನಗುತ್ತಿದ್ದ. ನಕ್ಕು ಸುಮ್ಮನಾಗದೆ ಕಾರಿನ ಬಾಗಿಲ ಮೇಲೆ ಒಂದು ಹಸಿರು ಆಮೆಯನ್ನೂ ಬರೆದಿಟ್ಟ. ತಾನು ಬಿಡುತ್ತಿಲ್ಲ ಎಂದು ಅವಳ ಕಾಲಿಗೆ ಗೊತ್ತಿತ್ತು. ಆದರೂ ಅವಳು ನಂಬಿದ್ದು ಮೇಸ್ತ್ರಿಯನ್ನೇ. ಕೊನೆಯಲ್ಲಿ ಆಗದ್ದನ್ನು ಮೊದಲಲ್ಲಾದರೂ ದಕ್ಕಿಸಿಕೊಳ್ಳೋಣ ಎಂದು, ಹಸಿರು ದೀಪ ಹತ್ತಿದ ಕೂಡಲೇ ಗಾಡಿ ಎತ್ತುವುದನ್ನು ಕಲಿತಳು. ಅದರಲ್ಲಿ ಈಗ ಅವಳನ್ನು ಮೀರಿಸುವವರಿಲ್ಲ.

ಒಂದು ಮಧ್ಯಾಹ್ನ ಎದೆ ಹಿಡಿದಂತಾಗುತ್ತಿದೆ ಎಂದು ಗ್ಯಾರೇಜಿನ ಬೆಂಚಿನ ಮೇಲೆ ಒರಗಿದ ಮೇಸ್ತ್ರಿ ಮತ್ತೆ ಏಳಲಿಲ್ಲ. ಅವಳು ಅಳಲಿಲ್ಲ. ಕಲ್ಲೆದೆಯವಳು ಎಂದು ನೆಂಟರು ಹಿಂದಿನಿಂದ ಆಡಿಕೊಂಡರು, ಇದ್ದರೂ ಇರಬಹುದು ಎಂದು ಅವಳಿಗೂ ಅನ್ನಿಸಿತು. ಹಸಿವಾಗದಿದ್ದರೂ ಊಟ ಮಾಡುತ್ತಿದ್ದಳು. ಮಾತಾಡಿಸಿದರೆ ಮಾತಾಡುತ್ತಿದ್ದಳು. ಉಳಿದಿದ್ದು ಒಂದೇ ಆಸೆ, ಅದೂ ಆಸೆಯೆನ್ನುವಷ್ಟು ಬಿಸಿ ಇಲ್ಲದ್ದು: ಅವನು ಕಟ್ಟಿದ ಇಂಜಿನ್ನಿನಲ್ಲಿ ಒಂದೇ ಒಂದು ಸಲ ಗೆಲ್ಲಬೇಕು, ತನ್ನ ಕಾಲಿಗೆ ಭಯವಿಲ್ಲ ಎಂದು ತೋರಿಸಬೇಕು, ಆಮೇಲೆ ಕಾರು ಮಾರಿ ಕೈತೊಳೆದುಕೊಳ್ಳಬೇಕು.

ಈವತ್ತು ಗೆದ್ದಿದ್ದಳು. ಪಕ್ಕದ ಕಾರು ಕೊನೆಯವರೆಗೂ ಅಟ್ಟಿಸಿಕೊಂಡು ಬಂದು ಮೂತಿಯಷ್ಟು ಹಿಂದೆ ಉಳಿಯಿತು. ಗಂಡನ ತಮ್ಮ, ಗ್ಯಾರೇಜಿನಲ್ಲಿ ಅಣ್ಣನ ಬಲಗೈಯಾಗಿದ್ದವನು, ಓಡಿಬಂದು ಕೈ ಕುಲುಕಿದ. ಅವಳಿಗೆ ಏನೂ ಅನ್ನಿಸಲಿಲ್ಲ. ತಪಾಸಣೆ ಮುಗಿದು ಗೆಲುವು ಗಟ್ಟಿಯಾದ ಮೇಲೆ ಅನ್ನಿಸಬಹುದು ಎಂದು ಕಾದಳು.

ತಪಾಸಣೆಯ ಮುದುಕನಿಗೆ ಓಟಗಾರರು ಸೂಜಿಕಣ್ಣು ಎಂದು ಹೆಸರಿಟ್ಟಿದ್ದರು. ಮೊಸರಲ್ಲಿ ಕಲ್ಲು ಹುಡುಕುವುದೇ ಅವನ ಕಸುಬು. ಸವೆದದ್ದನ್ನು ಬದಲಿಸಬಹುದು, ಆದರೆ ಹೊಸದು ಹಳೆಯದರ ತೂಕಕ್ಕೆ, ಆಕಾರಕ್ಕೆ, ಅಳತೆಗೆ ಸರಿಯಾಗಿ ಕೂರಬೇಕು ಎಂಬುದು ಅವನ ಕಾನೂನು. ಆಮೆ ಮತ್ತು ಮೈದುನ ಸೇರಿ ಹಾಕಿದ್ದ ಹೊಸ ಪಿಸ್ಟನ್ನನ್ನು ತಕ್ಕಡಿಗೆ ಹಾಕಿದ. ಸರಿಯಿತ್ತು. ವಾಲ್ವುಗಳು ಎಷ್ಟು ಏಳುತ್ತವೆ ಎಂದು ಅಳೆದ, ಸ್ಪ್ರಿಂಗುಗಳನ್ನು ಒತ್ತಿ ನೋಡಿದ. ಎಲ್ಲವೂ ಸರಿ. ಕೊನೆಗೆ, ಇಂಜಿನ್ನಿಗೆ ಗಾಳಿ-ಪೆಟ್ರೋಲು ಬೆರೆಸಿ ಕೊಡುವ ಕಾರ್ಬ್ಯುರೇಟರಿನ ನಟ್ಟುಗಳಿಗೆ ಪಾನಾ ಹಾಕಿದಾಗ ಮೈದುನ ಮುಖ ತಿರುಗಿಸಿ ನೀರು ಕುಡಿಯಲು ಹೋದ.

ಆ ಕಾರ್ಬ್ಯುರೇಟರನ್ನು ಅವಳು ಎಂದೂ ಮುಟ್ಟಿರಲಿಲ್ಲ. ಅದು ಅವನ ಕೆಲಸ. ಸತ್ತ ಮೇಲೂ ಅವನದೇ ಇರಲಿ ಎಂದು ಹಾಗೇ ಬಿಟ್ಟಿದ್ದಳು.

ಸೂಜಿಕಣ್ಣು ಅದನ್ನು ಎತ್ತಿದ. ಕೆಳಗೆ, ಗಾಳಿ ಸೋರದ ಹಾಗೆ ಕೂರಿಸುವ ರಟ್ಟಿನಂಥ ಪ್ಯಾಕಿಂಗ್ ಒಂದು ಇರಬೇಕಿತ್ತು, ಎರಡಿದ್ದವು. ಎರಡರ ನಡುವೆ ಒಂದು ತೆಳು ತಗಡು. ತಗಡಿನಲ್ಲಿ ಗಾಳಿ ಹೋಗುವ ತೂತುಗಳು, ಇರಬೇಕಾದ್ದಕ್ಕಿಂತ ಚಿಕ್ಕವು.

ಇದರಿಂದ ಇಂಜಿನ್ನಿಗೆ ಉಸಿರು ಕಟ್ಟುತ್ತದೆಯೇ ಹೊರತು ಲಾಭವೇನೂ ಇಲ್ಲ, ಓಟ ಕಮ್ಮಿಯೇ ಆಗುತ್ತದೆ ಎಂದು ಮೈದುನ ಹಿಂದಿನಿಂದ ಬಂದು ಅಂಗಲಾಚಿದ. ಸೂಜಿಕಣ್ಣು ತಗಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಜೋರಾಗಿ ಓಡಲು ಮೋಸ ಮಾಡಿದವರನ್ನು ಅವನು ಬೇಕಾದಷ್ಟು ನೋಡಿದ್ದ.

"ಹೆಚ್ಚೋ ಕಮ್ಮಿಯೋ ನಂಗೆ ಬೇಡಪ್ಪ. ಇಲ್ಲಿರಬಾರದ್ದು ಇದೆ, ಅಷ್ಟೇ. ಗೆಲುವು ಹೋಯ್ತು ತಾಯಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಮೆ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಮೈದುನನ ಕಡೆ ತಿರುಗಿ, ನಿನಗೆ ಗೊತ್ತಿತ್ತಾ ಎಂದು ಕೇಳಿದಳು.

"ಗೊತ್ತಿತ್ತು ಅತ್ತಿಗೆ." ಅವನು ನೆಲ ನೋಡುತ್ತಿದ್ದ. "ಮೊದಲ್ನೇ ವರ್ಷ ಗಾಡಿ ಜಾರಿ ಗೋಡೆಗೆ ಹೊಡೆದ್ರಲ್ಲ, ನೀವು ನಗ್ತಾ ಇಳಿದ್ರಿ. ಅಣ್ಣ ಅವತ್ತು ಊಟ ಮಾಡ್ಲಿಲ್ಲ. ಬೇಡ ಅಂದ್ರೆ ನೀವು ಕೇಳೋರಲ್ಲ, ಅದಕ್ಕೆ ಇದನ್ನ ಹಾಕ್ದ. ಗೆದ್ರೆ ತಾನೇ ಬಿಚ್ಚೋದು, ಇದಿದ್ರೆ ಅವಳು ಗೆಲ್ಲಲ್ಲ ಅಂದ. ಅಣ್ಣ ಹೋದ್ಮೇಲೆ ತೆಗೆಯೋಣ ಅಂದ್ಕೊಂಡೆ. ನೀವೂ ಹೋಗ್ಬಿಟ್ರೆ ಅಂತ ಕೈ ಬರ್ಲಿಲ್ಲ."

ಅಂದರೆ ಕಾಲು ಬಿಟ್ಟಿರಲಿಲ್ಲ. ಒಂದು ಸಲವೂ ಬಿಟ್ಟಿರಲಿಲ್ಲ. ಇಷ್ಟು ವರ್ಷ ತನ್ನ ಕಾಲನ್ನೇ ತಾನು ನಂಬದ ಹಾಗೆ ಮಾಡಿ, ಮೇಲೆ ಹೆಸರು ಬೇರೆ ಇಟ್ಟು, ಮಹಾನುಭಾವ ಆರಾಮಾಗಿ ಹೋಗಿಬಿಟ್ಟಿದ್ದ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ಅವಳಿಗೆ ಸಿಟ್ಟು ಬಂತು. ಅವನು ಹೋದ ಮೇಲೆ ಅವಳಿಗೆ ಏನಾದರೂ ಅನ್ನಿಸಿದ್ದು ಅದೇ ಮೊದಲು.

ಅವಳು ಕೈ ಚಾಚಿದಳು. ಸೂಜಿಕಣ್ಣು ತಗಡನ್ನು ಕೊಟ್ಟ. ಬಗ್ಗಿಸಿ ಮುರಿದುಹಾಕಬೇಕು ಎಂದೇ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಳು.

ಅಂಚು ಕೊಯ್ಯಲಿಲ್ಲ. ಹಿಂದೊಮ್ಮೆ ಗ್ಯಾರೇಜಿನಲ್ಲಿ ತಗಡೊಂದು ಅವಳ ಹೆಬ್ಬೆರಳನ್ನು ಆಳವಾಗಿ ಸೀಳಿತ್ತು. ಅಂದಿನಿಂದ ಮೇಸ್ತ್ರಿ, ಅವಳ ಕೈಗೆ ಸಿಗಬಹುದಾದ ಯಾವ ತಗಡನ್ನೇ ಕತ್ತರಿಸಲಿ, ಅಂಚಿಗೆ ಅರ ಹಾಕಿ ಉಜ್ಜದೆ ಕೆಳಗಿಡುತ್ತಿರಲಿಲ್ಲ. ಬೇರೆಯವರ ಗಾಡಿಯ ತಗಡಿಗೆ ಆ ಉಪಚಾರ ಇರಲಿಲ್ಲ. ಇದು ಎರಡು ಪ್ಯಾಕಿಂಗುಗಳ ನಡುವೆ, ಯಾರ ಕೈಯೂ ಹೋಗದ ಜಾಗದಲ್ಲಿ ಕೂರುವ ತಗಡು. ಆದರೂ ಸುತ್ತಲೂ ಉಜ್ಜಿದ್ದ. ತೂತುಗಳ ಒಳಗೂ ಉಜ್ಜಿದ್ದ. ಒಂದಲ್ಲ ಒಂದು ದಿನ ಇವಳು ಗೆಲ್ಲುತ್ತಾಳೆ, ಇದು ಇವಳ ಕೈಗೆ ಸಿಗುತ್ತದೆ ಎಂದು ಅವನಿಗೆ ಗೊತ್ತಿತ್ತು.

ಆಮೆ ಅಂಚಿನ ಮೇಲೆ ಹೆಬ್ಬೆರಳನ್ನು ಸುತ್ತ ಆಡಿಸಿದಳು. ಮತ್ತೆ ಆಡಿಸಿದಳು. ಆಮೇಲೆ ಅಲ್ಲೇ, ಬಿಚ್ಚಿಹಾಕಿದ ಇಂಜಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕುಕ್ಕರಿಸಿ, ಹೊರಗೆ ನಿಂತವರಿಗೂ ಕೇಳುವ ಹಾಗೆ ಅತ್ತಳು. ಗೆಲುವು ಹೋಯಿತೆಂದು ಅಳುತ್ತಿದ್ದಾಳೆ ಎಂದುಕೊಂಡು ಸೋತವರು ಕೂಡ ತಲೆ ತಗ್ಗಿಸಿದರು. ಸೂಜಿಕಣ್ಣು ಏನು ಮಾಡಬೇಕೆಂದು ತಿಳಿಯದೆ ಕೈ ಒರೆಸುವ ಬಟ್ಟೆಯನ್ನೇ ಕೊಟ್ಟ. ಅವಳು ಮುಖ ಒರೆಸಿಕೊಂಡದ್ದಕ್ಕೆ ಕೆನ್ನೆಗೆಲ್ಲ ಗ್ರೀಸ್ ಹತ್ತಿತು.

ಕಾರು ಮಾರುವ ವಿಷಯ ಏನು ಮಾಡೋಣ ಎಂದು ಮೈದುನ ಮೆಲ್ಲಗೆ ಕೇಳಿದ.

"ಮಾರಲ್ಲ," ಎಂದಳು. "ಪ್ಯಾಕಿಂಗ್ ಒಂದೇ ಹಾಕು. ನಟ್ ನಾನು ಬಿಗಿ ಮಾಡ್ತೀನಿ."