ಸಾವಿನ ಮನೆಗೆ ಮೊಟ್ಟೆ

ದೊಡ್ಡಮ್ಮ ಬ್ಲೇಡಿನಿಂದ ಮಾರ್ಸೆಲಳ ಅಂಗಿಯ ಕಾಲರಿಗೆ ಸಣ್ಣ ಗೀರು ಹಾಕುತ್ತಿದ್ದಾಗಲೂ ಅವಳ ಕಣ್ಣು ಸ್ಮಶಾನದ ಗೇಟಿನ ಮೇಲೆಯೇ ಇತ್ತು.

"ಅಪ್ಪ ಸತ್ತಾಗ ಮಕ್ಕಳೇ ಅಂಗಿ ಹರ್ಕೋಬೇಕು, ಈಗ ನೀನೇ ಹರೀಬೇಕು ಮಗಾ. ಎಡಗಡೆ, ಎದೆ ಮೇಲೆ."

ಮಾರ್ಸೆಲ್ ಎಳೆದಳು. ಗಟ್ಟಿ ಹತ್ತಿಬಟ್ಟೆ, ಎರಡು ಸಲ ಎಳೆಯಬೇಕಾಯಿತು.

"ಯಾರಿಗೆ ಕಾಯ್ತಿದ್ದೀಯ?" ಅಣ್ಣ ಫುವಾದ್ ಕೇಳಿದ. ಅವನ ಅಂಗಿ ಆಗಲೇ ಹರಿದಿತ್ತು.

"ಖಾತೂನ್ ಚಿಕ್ಕಮ್ಮಂಗೆ."

"ಅವಳು ಬರ್ತಾಳಾ! ಇಪ್ಪತ್ತು ವರ್ಷದಿಂದ ನಮ್ಮನ್ನ ಕಂಡ್ರೆ ರಸ್ತೆ ದಾಟಿ ಆ ಕಡೆ ಹೋಗ್ತಾಳೆ."

"ಬೆಳಿಗ್ಗೆ ಹೋಗಿ ಹೇಳಿ ಬಂದಿದ್ದೀನಿ."

"ಏನಂದ್ಲು?"

"ಬಾಗಿಲು ಹಾಕ್ಕೊಂಡ್ಲು."

ಸಾಯುವ ಮುಂಚೆ ಆಸ್ಪತ್ರೆಯಲ್ಲಿ ಅಪ್ಪ ಹೆಸ್ಕೆಲ್ ಕೇಳಿದ್ದು ಇದೊಂದನ್ನೇ. ಮಣ್ಣು ಹಾಕುವ ಮುಂಚೆ, ಸತ್ತವನಿಂದ ನೊಂದವರು ಯಾರಾದರೂ ಇದ್ದರೆ ಕ್ಷಮಿಸಿ ಎಂದು ಮಗ ಕೇಳುತ್ತಾನಲ್ಲ, ಆಗ ಖಾತೂನ್ ಅಲ್ಲಿರಬೇಕು. ಮಾರ್ಸೆಲ್ ಆಗಲಿ ಎಂದು ಮಾತು ಕೊಟ್ಟಿದ್ದಳು.

ಬಂದವರಲ್ಲಿ ಹಳೆಯ ಪಾರ್ಲಿಮೆಂಟ್ ಸದಸ್ಯರಿದ್ದರು, ನ್ಯಾಯಾಧೀಶರಿದ್ದರು, ವಕೀಲರಂತೂ ಸಾಲುಗಟ್ಟಿ ನಿಂತಿದ್ದರು.

"ಹೆಸ್ಕೆಲ್ ಪಾರ್ಲಿಮೆಂಟಲ್ಲಿ ಇದ್ದಷ್ಟು ದಿನವೂ ಎದ್ದು ನಿಂತು ಹೇಳಿದ್ದು ಒಂದೇ ಮಾತು," ಎಂದ ಒಬ್ಬ ಮುದುಕ. "ಸೆಕೆ ಆಗ್ತಿದೆ, ಕಿಟಕಿ ತೆಗೀರಿ ಅಂತ."

"ಜಡ್ಜ್ ಆದ್ಮೇಲೆ ನಮಗೂ ಬಾಯಿ ತೆಗೆಯೋಕೆ ಬಿಡಲಿಲ್ಲ ಬಿಡಿ," ಎಂದ ಪಕ್ಕದ ವಕೀಲ.

ನಗು ಬರುವಷ್ಟರಲ್ಲಿ ಬಿಳಿ ಬಟ್ಟೆ ಸುತ್ತಿದ ದೇಹವನ್ನು ಗುಂಡಿಗೆ ಇಳಿಸಿಯಾಗಿತ್ತು. ಫುವಾದ್ ಅಪ್ಪನ ಪರವಾಗಿ ಕ್ಷಮೆ ಕೇಳಿದ. ನೆರೆದವರೆಲ್ಲ "ಕ್ಷಮಿಸಿದ್ದೇವೆ" ಎಂದರು.

"ಸ್ವಲ್ಪ ತಡೀರಿ," ಎಂದಳು ಮಾರ್ಸೆಲ್.

"ಹಿಂದೆ ಇನ್ನೂ ಬೇರೆ ಶವದವರು ಕಾಯ್ತಿದ್ದಾರಮ್ಮ," ಎಂದ ಶವಸಂಸ್ಕಾರದವನು, ಕೋಪವಿಲ್ಲದೆ. ಸಲಿಕೆ ಮಣ್ಣಿಗೆ ಇಳಿಯಿತು.

*

ಬಗ್ದಾದಿನಿಂದ ಇಸ್ರೇಲಿಗೆ ಬಂದ ಯಹೂದಿಗಳೆಲ್ಲ ಗುಡಾರಗಳಲ್ಲಿದ್ದ ಕಾಲ. ಮೊದಲೇ ಬಂದು ನೆಲೆನಿಂತಿದ್ದ ಹೆಸ್ಕೆಲ್ ಬತ್ತಾತ್ ಚುನಾವಣೆಗೆ ನಿಂತಾಗ, ಕೆಸರಿನಲ್ಲಿ ಗುಡಾರದಿಂದ ಗುಡಾರಕ್ಕೆ ಹೋಗಿ ಓಟು ಕೇಳಿದವಳು ಖಾತೂನ್. "ಬಗ್ದಾದಿನಲ್ಲಿ ನಮ್ಮ ಗಲ್ಲಿಯ ಹುಡುಗ. ಮಾತು ಕಮ್ಮಿ, ಅದಕ್ಕೇ ಸುಳ್ಳೂ ಕಮ್ಮಿ," ಎನ್ನುತ್ತಿದ್ದಳು.

ಆಗ ಎಲ್ಲಕ್ಕೂ ರೇಷನ್. ಕಾಳಸಂತೆಯಲ್ಲಿ ಕೊಂಡವರಿಗೂ ಶಿಕ್ಷೆಯಾಗಬೇಕು ಎಂಬ ಮಸೂದೆ ಬಂದಾಗ ಹೆಸ್ಕೆಲ್ ಕೈ ಎತ್ತಿದರು. ಇರುವ ಅಷ್ಟಿಷ್ಟು ಎಲ್ಲರ ಮಕ್ಕಳಿಗೂ ಸಿಗಬೇಕು ಎಂದು ಅವರು ನಿಜವಾಗಿಯೂ ನಂಬಿದ್ದರು. ಅವರ ಮನೆಯಲ್ಲೂ ಮಾರ್ಸೆಲಳಿಗೆ ಮೊಟ್ಟೆಪುಡಿಯೇ ಗತಿ.

ಅವರು ನ್ಯಾಯಾಧೀಶರಾದ ಮೊದಲ ಚಳಿಗಾಲದಲ್ಲಿ ಪೊಲೀಸರು ಖಾತೂನಳನ್ನು ಕರೆತಂದು ಅವರ ಮುಂದೆ ನಿಲ್ಲಿಸಿದರು. ಬಸ್ಸಿನಲ್ಲಿ ತಪಾಸಣೆಗೆ ಹತ್ತಿದವರು ಅವಳ ಕಂಕುಳಲ್ಲಿದ್ದ ಮಗುವಿನ ಹೊದಿಕೆ ಬಿಚ್ಚಿದಾಗ ಒಳಗೆ ಮಗುವಿರಲಿಲ್ಲ, ಕಾಳಸಂತೆಯ ಮೊಟ್ಟೆಗಳಿದ್ದವು. ಈಗ ಅವು ಸಾಕ್ಷಿಯಾಗಿ ಮೇಜಿನ ಮೇಲಿದ್ದವು.

"ಸಾವಿನ ಮನೆಗೆ ಒಯ್ತಿದ್ದೆ ಹೆಸ್ಕೆಲ್," ಎಂದಳು ಅವಳು, ಕೆಳಗೆ ನಿಂತು. "ಪಕ್ಕದ ಗುಡಾರದ್ದು. ಮಣ್ಣು ಮಾಡಿ ಬಂದವರು ಮೊದಲ ಊಟಕ್ಕೆ ತಮ್ಮ ಮನೇದು ಮುಟ್ಟೋ ಹಾಗಿಲ್ಲ. ನೆರೆಯವರೇ ಮೊಟ್ಟೆ ಬೇಯಿಸಿ ತರಬೇಕು. ನಿನಗೆ ಗೊತ್ತಿಲ್ವಾ?"

"ಗೊತ್ತು," ಎಂದರು ಹೆಸ್ಕೆಲ್.

ಬೇರೆಯವರಿಗೆ ಏನು ಕೊಡುತ್ತಿದ್ದರೋ ಅವಳಿಗೂ ಅದನ್ನೇ ಕೊಟ್ಟರು. ಒಂದು ವಾರ ಜೈಲು.

*

ಸ್ಮಶಾನದಿಂದ ಬಂದಾಗ ರಾಮತ್ ಗಾನ್ ಊರಿನ ಮನೆಯಲ್ಲಿ ಸೂತಕದ ಪದ್ಧತಿಯಂತೆ ಕನ್ನಡಿಗಳಿಗೆ ದುಪ್ಪಟಿ ಹೊದಿಸಿತ್ತು. ಅಮ್ಮ ನಜಿಯಾ, ಫುವಾದ್, ಮಾರ್ಸೆಲ್ ನೆಲದ ಹಾಸಿಗೆಯ ಮೇಲೆ ಕೂತರು. ಬಂದವರು ಗೋಡೆಗೆ ಒರಗಿ ನಿಂತರು. ಅಪ್ಪನ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ದೊಡ್ಡಮ್ಮ ಅಡುಗೆಮನೆಗೆ ಹೋಗಿ ಬರಿಗೈಯಲ್ಲಿ ಬಂದಳು. "ಊಟ ಯಾರು ತಂದಿದ್ದೀರಿ?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

"ಕೋರ್ಟಿನವರು ತರ್ತಾರೆ ಅಂದ್ಕೊಂಡೆ," ಎಂದಳು ಕೆಳಗಿನ ಮನೆಯವಳು.

"ನಾವು ಪಾರ್ಲಿಮೆಂಟಿನವರ ಏರ್ಪಾಟು ಇರುತ್ತೆ ಅಂತ..." ಎಂದ ಕೋರ್ಟಿನ ಗುಮಾಸ್ತ.

ಪಾರ್ಲಿಮೆಂಟಿನ ಮುದುಕ ಟೋಪಿ ಸರಿಮಾಡಿಕೊಂಡ. "ಇಷ್ಟು ದೊಡ್ಡ ಮನುಷ್ಯ. ಬೀದಿಗೆ ಬೀದಿಯೇ ತರುತ್ತೆ ಅಂತ ನಾನು..."

ಫ್ರಿಜ್ಜಿನ ತುಂಬ ಅಮ್ಮನೇ ಮಾಡಿಟ್ಟ ಅಡುಗೆಯಿತ್ತು. ಮುಟ್ಟುವಂತಿರಲಿಲ್ಲ. ಸಕ್ಕರೆ ಕಾಯಿಲೆಯ ಅಮ್ಮ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಮಧ್ಯಾಹ್ನದ ಹೊತ್ತು, ಅಂಗಡಿಗಳೆಲ್ಲ ಮುಚ್ಚಿದ್ದವು.

"ಅಯ್ಯೋ, ಈಗಲೇ ಬೇಯಿಸ್ಕೊಂಡು ಬರ್ತೀನಿ," ಎಂದು ಓಡಿದ ಕೆಳಗಿನ ಮನೆಯವಳು ಬಾಗಿಲಲ್ಲೇ ನಿಂತು, ಪಕ್ಕಕ್ಕೆ ಸರಿದಳು.

ಖಾತೂನ್ ಮೆಟ್ಟಿಲು ಹತ್ತಿ ಬಂದ ಏದುಸಿರಿನಲ್ಲಿ ಒಳಗೆ ಬಂದಳು. ಕಂಕುಳಲ್ಲಿ ಹಳೆಯ ಕಂಬಳಿ ಸುತ್ತಿದ ಪಾತ್ರೆ.

"ಗೊತ್ತಿತ್ತು ನನಗೆ," ಎಂದಳು. "ದೊಡ್ಡವರು ಸತ್ರೆ ಹೂವಿನ ಚಕ್ರ ಬರುತ್ತೆ. ಊಟ ಬರಲ್ಲ. ಇಷ್ಟು ಜನ ವಕೀಲರಿದ್ದೀರಲ್ಲ, ಒಬ್ಬರಿಗೂ ಮೊಟ್ಟೆ ಬೇಯಿಸೋಕೆ ಬರಲ್ವಾ?"

ವಕೀಲರು ದಾರಿ ಬಿಟ್ಟರು.

"ಚಿಕ್ಕಮ್ಮ," ಮಾರ್ಸೆಲ್ ಮೊಣಕಾಲ ಮೇಲೆ ಎದ್ದಳು. "ಅಪ್ಪ ನಿಮ್ಮ ಕ್ಷಮೆ ಕೇಳು ಅಂದಿದ್ರು..."

"ನೀನು ಕೇಳಬೇಡ. ಅವನು ಕೇಳಬೇಕಿತ್ತು. ಎರಡು ಬೀದಿ ಆಚೆ ಇದ್ದೀನಿ ನಾನು, ಅಮೆರಿಕದಲ್ಲಲ್ಲ."

"ಬರ್ತಿದ್ರು ಖಾತೂನ್," ಎಂದಳು ಅಮ್ಮ ಮೆಲ್ಲಗೆ. "ಶುಕ್ರವಾರ ಶುಕ್ರವಾರ ಹೊರಡೋರು. ನಿನ್ನ ಮನೆ ಮೂಲೆ ತನಕ ಬಂದು, ನಿಂತು, ವಾಪಸ್ಸು ಬರೋರು."

"ಗೊತ್ತು. ಕಿಟಕಿಯಿಂದ ನೋಡ್ತಿದ್ದೆ." ಖಾತೂನ್ ಕಂಬಳಿಯ ಗಂಟಿನೊಂದಿಗೆ ಸ್ವಲ್ಪ ಹೊತ್ತು ಹೆಣಗಿದಳು. "ಹಠಮಾರಿ. ನಾನೇನು ಕಮ್ಮಿ ಅಂತಲ್ಲ."

"ಹಾಗಾದ್ರೆ..." ಎಂದಳು ಮಾರ್ಸೆಲ್.

ಖಾತೂನ್ ಮಂಡಿನೋವಿನವಳು, ನೆಲಕ್ಕೆ ಕೂರಲಾರಳು. ಸುತ್ತ ನೋಡಿ, ಖಾಲಿಯಿದ್ದ ಆ ಒಂದೇ ಕುರ್ಚಿಯನ್ನು ಎಳೆದುಕೊಂಡು ಕೂತಳು. ಅವಳು ಪಾತ್ರೆಯನ್ನು ತೊಡೆಯ ಮೇಲಿಟ್ಟು, ಒಂದು ಮೊಟ್ಟೆ ತೆಗೆದು ಕುರ್ಚಿಯ ಕೈಗೆ ಕುಟ್ಟಿದಳು. ಸಿಪ್ಪೆ ಚೂರುಚೂರಾಗಿ ಕೆಳಗೆ ಬಿತ್ತು.

ಮೊದಲನೆಯದನ್ನು ಸುಲಿದು ನಜಿಯಾಳ ಬಾಯಿಗಿಟ್ಟಳು. ಎರಡನೆಯದು ಫುವಾದನಿಗೆ. ಆಮೇಲೆ ಬಾಗಿ, ಹಬೆಯಾಡುತ್ತಿದ್ದ ಇನ್ನೊಂದು ಬಿಳಿ ಮೊಟ್ಟೆಯನ್ನು ಮಾರ್ಸೆಲಳ ಹರಿದ ಕಾಲರಿನ ಮೇಲಕ್ಕೆ ಹಿಡಿದಳು.

"ಬಾಯಿ ತೆಗಿ ಮಗಾ," ಎಂದಳು, "ಬಿಸಿ ಇದೆ."