ಅತ್ತಿಗೆಯ ಕೋಡ್, ನಾದಿನಿಯ ತಕರಾರು

ಅತ್ತಿಗೆ ಬರೆದದ್ದರಲ್ಲಿ ತಪ್ಪು ಹುಡುಕುವುದೇ ನಾದಿನಿಯ ಉದ್ಯೋಗವಾದರೆ ಮನೆಯಲ್ಲಿ ಇನ್ನೇನಾಗಬೇಕು? ಇಬ್ಬರದೂ ಒಂದೇ ಕಂಪನಿ, ಒಂದೇ ಮನೆ. ಒಂದು ದೊಡ್ಡ ಬ್ಲಾಕ್‌ಚೈನ್‌ನ ಆಸರೆಯಲ್ಲಿ ನಡೆಯುವ ಎರಡು ಚಿಕ್ಕ ಜಾಲಗಳ ನಡುವೆ ಸಂದೇಶ ದಾಟಿಸುವ ಕೋಡ್ ಅತ್ತಿಗೆಯದು. ಹಾಗೆ ದಾಟಿದ ಸಂದೇಶ ಎಂದೂ ಸುಳ್ಳಾಗದೆಂದು ಗಣಿತದಿಂದ ಸಾಬೀತು ಮಾಡುವುದು ನಾದಿನಿಯ ಪಾಲಿಗೆ ಬಂದಿತ್ತು.

ಸಾಬೀತು ಒಂದು ಸಾಲಿಗೆ ಬಂದು ನಿಂತುಬಿಟ್ಟಿತು. ಜಪ್ಪಯ್ಯ ಅಂದರೂ ಮುಂದೆ ಹೋಗಲೊಲ್ಲದು.

"ನಿನಗೆ ಮೊಸರಲ್ಲಿ ಕಲ್ಲು ಹುಡುಕೋ ಚಟ ಕಣೇ," ಎಂದಳು ಅತ್ತಿಗೆ ಊಟದ ಹೊತ್ತಿಗೆ. "ಎಷ್ಟು ಸಲ ಓಡಿಸಿ ನೋಡಿದ್ದೀನಿ, ಒಮ್ಮೆಯೂ ಎಡವಿಲ್ಲ."

"ಎಡವಿಲ್ಲ ಅಂದ್ರೆ ಎಡವೋದೇ ಇಲ್ಲ ಅಂತಲ್ಲ, ಅತ್ತಿಗೆ."

ಅಣ್ಣ ತನ್ನ ತಟ್ಟೆ ಎತ್ತಿಕೊಂಡು ಸದ್ದಿಲ್ಲದೆ ಬಾಲ್ಕನಿಗೆ ಜಾಗ ಬದಲಿಸಿದ.

ಮರುದಿನ ಆಫೀಸಿನಲ್ಲಿ ನಾದಿನಿ ಪರೀಕ್ಷೆಗೆಂದೇ ಇಟ್ಟ ಜಾಲಗಳನ್ನು ತೆರೆದಳು. ಮೊದಲ ಜಾಲ ಹಣದಂತೆ ಚಲಾವಣೆಯಾಗುವ ಒಂದು ಟೋಕನ್‌ಗೆ ಬೀಗ ಹಾಕಿ, "ಹಾಕಿದ್ದೇನೆ" ಎಂದು ಸಂದೇಶ ಕಳಿಸಿತು. ಅದನ್ನು ನಂಬಿ ಎರಡನೆಯದು ತನ್ನಲ್ಲೊಂದು ಟೋಕನ್ ಸೃಷ್ಟಿಸಿತು. ಆಮೇಲೆ ಅವಳು, ಮೊದಲ ಜಾಲದಲ್ಲಿ ಆ ಬೀಗದ ಲೆಕ್ಕ ಬರೆದಿದ್ದ ಪುಟ, ಅಂದರೆ ಬ್ಲಾಕ್, ದೊಡ್ಡ ಚೈನ್‌ನಲ್ಲಿ ಅಳಿಸಲಾಗದಂತೆ ಗಟ್ಟಿಯಾಗುವ ಮೊದಲೇ, ಅದನ್ನು ರದ್ದುಮಾಡಿದಳು. ಹಾಕಿದ ಬೀಗವೇ ಇಲ್ಲವಾಯಿತು. ಈಗ ಅಲ್ಲೂ ಟೋಕನ್, ಇಲ್ಲೂ ಟೋಕನ್!

ಅತ್ತಿಗೆ ಪರದೆಯನ್ನೇ ದಿಟ್ಟಿಸಿದಳು. ಮುಖ ಕೆಂಪಾಯಿತು. ಮರುಕ್ಷಣ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ, ಮರಿ ಹಾಕಿಬಿಟ್ಟಿದೆಯಲ್ಲೇ!"

"ಬ್ಲಾಕ್ ಗಟ್ಟಿಯಾಗೋವರೆಗೂ ಕಾಯಲೇಬೇಕು," ಎಂದಳು ನಾದಿನಿ.

"ಅಷ್ಟು ಹೊತ್ತು ಕಾಯಿಸಿದ್ರೆ ಬಳಸೋರು ಕೈಮುಗಿದು ಎದ್ದುಹೋಗ್ತಾರೆ." ಅತ್ತಿಗೆ ಗೋಡೆಯ ಬೋರ್ಡಿನ ಮುಂದೆ ಅತ್ತಿಂದಿತ್ತ ಓಡಾಡಿದಳು. ತಟ್ಟನೆ ನಿಂತಳು. "ಅದು ಬಿದ್ದರೆ ಇದೂ ಬೀಳಲಿ! ಯಾವ ಬ್ಲಾಕನ್ನು ನಂಬಿ ಸಂದೇಶ ತಗೊಂಡೆ ಅಂತ ಎರಡನೇ ಜಾಲ ನೆನಪಿಟ್ಕೊಳ್ಳಲಿ. ಆ ಬ್ಲಾಕ್ ರದ್ದಾದ್ರೆ ತನ್ನದನ್ನೂ ರದ್ದು ಮಾಡ್ಕೊಳ್ಳಲಿ."

ನಾದಿನಿಗೆ ಇದು ಹೊಳೆದೇ ಇರಲಿಲ್ಲ. ತುಸು ಹೊಟ್ಟೆಕಿಚ್ಚೂ ಆಯಿತು.

ಅತ್ತಿಗೆ ಕೋಡ್ ತಿದ್ದಿದಳು, ನಾದಿನಿ ಸಾಬೀತನ್ನು ಮತ್ತೆ ಹೆಣೆದಳು. ಕಂಪ್ಯೂಟರ್ ಗಜಗರ್ಭದ ಹಾಗೆ ಮುಗಿಯದಷ್ಟು ಹೊತ್ತು ಪರಿಶೀಲಿಸುವಾಗ ಅತ್ತಿಗೆ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದಳು.

"ಏನಂತೆ?"

"ಒಪ್ಪಿದೆ ಅತ್ತಿಗೆ! ಪೂರ್ತಿ ಒಪ್ಪಿದೆ!"

ವ್ಯವಸ್ಥೆ ಜನರ ಬಳಕೆಗೆ ಬಂತು. ಒಂದು ಮಧ್ಯಾಹ್ನ ಮೊದಲ ಜಾಲ ನಿಜಕ್ಕೂ ತನ್ನ ಕೆಲವು ಬ್ಲಾಕ್‌ಗಳನ್ನು ಕೈಬಿಡಬೇಕಾಯಿತು. ಅವನ್ನು ನಂಬಿದ್ದ ತನ್ನ ಬ್ಲಾಕ್‌ಗಳನ್ನು ಎರಡನೆಯದೂ ತಾನಾಗಿಯೇ ಬಿಟ್ಟು, ಎರಡೂ ಮತ್ತೆ ಹೆಜ್ಜೆ ಹಾಕಿದವು. ಎಲ್ಲೂ ಒಂದು ಟೋಕನ್ ಹೆಚ್ಚಲಿಲ್ಲ, ಕಮ್ಮಿಯಾಗಲಿಲ್ಲ. ಸುದ್ದಿ ಬಂದಾಗ ಇಬ್ಬರೂ ಲಿಫ್ಟಿನಲ್ಲಿದ್ದರು. ಅತ್ತಿಗೆ ನಾದಿನಿಯನ್ನು ತಬ್ಬಿಕೊಂಡ ರಭಸಕ್ಕೆ ಇಳಿಯಬೇಕಾದ ಮಹಡಿಯೇ ದಾಟಿಹೋಯಿತು.