ಒಲೆಯ ಹಿಂದಿನ ತಾಮ್ರದ ಪಟ್ಟಿ

ಅದು ಆ ದಿನ ನಾನು ಕರೆಂಟ್ ರಿಪೇರಿಗೆ ಹೋದ ಆರನೇ ಮನೆ. ನನ್ನ ಸೊಂಟ ಬಿದ್ದುಹೋಗಿತ್ತು. ಕರೆಂಟ್ ಒಲೆ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಮನೆಯಾಕೆ ಕರೆದಿದ್ದರು. ಮೂರು ವರ್ಷದಿಂದ ರಬ್ಬರ್ ಚಪ್ಪಲಿ ಹಾಕಿಕೊಂಡೇ ಅಡುಗೆಯಂತೆ.

"ಯಜಮಾನ್ರಿಗೆ ಹೇಳಿದ್ರೆ, ಎಲ್ಲಾ ನಿನ್ನ ಭ್ರಮೆ ಅಂತಾರೆ."

ಒಲೆ ಎಳೆದು ಹಿಂಬದಿ ಬಿಚ್ಚಿದೆ. ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ತಂತಿ ಸಡಿಲವಾಗಿತ್ತು. ಸಾಲದ್ದಕ್ಕೆ, ಅದನ್ನು ಒಲೆಯ ಮೈಗೆ ಸೇರಿಸುವ ತಾಮ್ರದ ಪಟ್ಟಿಯನ್ನು, ಒಲೆ ಕೂರಿಸುವಾಗಲೇ ತೆಗೆಯಬೇಕಾದ್ದನ್ನು, ಯಾವನೋ ಪುಣ್ಯಾತ್ಮ ತೆಗೆದೇ ಇರಲಿಲ್ಲ; ಕರೆಂಟ್ ಒಲೆಯ ಮೈಗೇ ಬರುತ್ತಿತ್ತು. ಶಾಕ್ ತಡೆಯುವ ಅರ್ಥಿಂಗ್ ತಂತಿಯನ್ನು ಜೋಡಿಸದೆ ಸುತ್ತಿ ಮೂಲೆಗೆ ತುರುಕಿದ್ದ.

"ಭ್ರಮೆ ಅಲ್ಲಮ್ಮ, ಶಾಕೇ. ಪಟ್ಟಿ ತೆಗೆದು ನ್ಯೂಟ್ರಲ್ಲೇ ಬೇರೆ, ಅರ್ಥಿಂಗೇ ಬೇರೆ ಮಾಡ್ತೀನಿ. ಹತ್ತೇ ನಿಮಿಷ."

ಆಕೆ ಚಪ್ಪಲಿ ಬಿಚ್ಚಿ, ಸುಸ್ತಾಗಿ ಕುರ್ಚಿಯ ಮೇಲೆ ಕೂತರು.

"ನಾಳೆ ಮಾಡಪ್ಪ. ಇವತ್ತು ಸಂಜೆ ಹಾಲು ಯಜಮಾನ್ರೇ ಕಾಯಿಸ್ಲಿ, ಬರಿಗಾಲಲ್ಲಿ."